ವಿಆರ್ ಅಂದ್ರೆ ವಾಂತಿ ಅಲ್ಲ

ಮೊನ್ನೆ ನಮ್ಮ ಜೀನ್ಸ್ ಘಟಕಕ್ಕೆ ಹೊಸದಾಗಿ ಸೇರಿದ ಹುಡುಗ ಊಟದ ಹೊತ್ತಿನಲ್ಲಿ ನನ್ನ ಮೊಬೈಲ್‌ನಲ್ಲಿದ್ದ ಒಂದು ಹಳೇ ಫೋಟೋ ನೋಡಿದ. ವಿಆರ್, ಅಂದರೆ ವರ್ಚುಯಲ್ ರಿಯಾಲಿಟಿಯ ಹೆಡ್‌ಸೆಟ್ ಹಾಕಿಕೊಂಡು ನಾನು ನಿಂತಿದ್ದ ಫೋಟೋ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಲೋಕ ಕಾಣಿಸುವ ಯಂತ್ರ ಅದು. "ಅಣ್ಣಾ, ಇದು ಬ್ಯಾಡಣ್ಣಾ, ವಾಂತಿ ಬರ್ತೈತೆ" ಅಂದ. ಎಲ್ಲಿ ನೋಡಿದ್ದೆ ಅಂತ ಕೇಳಿದೆ. ಯಾವುದೋ ವಸ್ತುಪ್ರದರ್ಶನದಲ್ಲಂತೆ. ದುಡ್ಡು ಕೊಟ್ಟು, ಅಲುಗಾಡುವ ಕುರ್ಚಿಯಲ್ಲಿ ಕೂತು, ಹತ್ತಾರು ಜನರ ಬೆವರು ಮೆತ್ತಿದ ಹೆಡ್‌ಸೆಟ್ ಹಾಕಿಕೊಂಡು ರೋಲರ್ ಕೋಸ್ಟರ್, ಅಂದರೆ ಹಳಿ ಮೇಲೆ ಜೋರಾಗಿ ಏರಿಳಿಯುವ ಗಾಡಿಯ ದೃಶ್ಯ ನೋಡಿದ್ದಾನೆ. ಐದು ನಿಮಿಷದ ಆಟ. ಇಳಿದ ಮೇಲೆ ಅರ್ಧ ಗಂಟೆ ತಲೆ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದನಂತೆ.

ನನಗೆ ನಿಜಕ್ಕೂ ಬೇಜಾರಾಯಿತು. ಅವನ ತಪ್ಪೇನೂ ಇಲ್ಲ. ನಮ್ಮ ಬಳ್ಳಾರಿ ಕಡೆ ಬಹಳ ಜನ ವಿಆರ್ ಅಂತ ಮೊದಲು ಕಂಡಿದ್ದೇ ಈ ರೋಲರ್ ಕೋಸ್ಟರ್. ವಿಆರ್‌ನಲ್ಲಿ ಮೈಗೆ ಅತಿ ಕೆಟ್ಟದ್ದು ಯಾವುದೋ ಅದನ್ನೇ ಮೊದಲು ತೋರಿಸಿ, ಇದೇ ವಿಆರ್ ಅಂತ ಕಳಿಸಿಬಿಟ್ಟರು. ಮೊದಮೊದಲ ವಿಆರ್ ಗೇಮ್‌ಗಳನ್ನು ಆಡಿದವನಾಗಿ ಅದರ ಬಗ್ಗೆ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಪುರುಸೊತ್ತು ಇದ್ದಾಗ ಓದಿ.

ಮೊದಲು ವಾಂತಿಯ ವಿಷಯವನ್ನೇ ಮುಗಿಸುತ್ತೇನೆ. ಸಂಡೂರು ಘಾಟಿನಲ್ಲಿ ಬಸ್ಸು ತಿರುಗುತ್ತಿರುವಾಗ ಪೇಪರ್ ಓದಿ ನೋಡಿ. ನಾಲ್ಕನೇ ತಿರುವಿಗೆ ಹೊಟ್ಟೆ ತೊಳಸುತ್ತದೆ. ಕಿವಿಯೊಳಗೆ ನಮ್ಮ ಸಮತೋಲ ನೋಡಿಕೊಳ್ಳುವ ಭಾಗ ಇದೆ. ಅದು ಮೈ ತಿರುಗುತ್ತಿದೆ ಅನ್ನುತ್ತದೆ. ಪೇಪರ್ ನೋಡುತ್ತಿರುವ ಕಣ್ಣು ಇಲ್ಲ, ಸುಮ್ನೆ ಕೂತಿದ್ದೇವೆ ಅನ್ನುತ್ತದೆ. ಎರಡಕ್ಕೂ ತಾಳೆ ಆಗುವುದಿಲ್ಲ. ವಿಆರ್‌ನಲ್ಲಿ ಇದು ಉಲ್ಟಾ. ಕಣ್ಣು ಓಡುತ್ತಿದೆ, ಮೈ ಕೂತಲ್ಲೇ ಇದೆ. ರೋಲರ್ ಕೋಸ್ಟರ್‌ನಲ್ಲಿ ಈ ಜಗಳ ಇನ್ನೂ ಜೋರು. ಆದರೆ ಆಟದಲ್ಲಿ ನೀವು ನಿಂತಲ್ಲೇ ನಿಂತು, ನಿಮ್ಮ ಕಾಲಿನಿಂದಲೇ ಎರಡು ಹೆಜ್ಜೆ ಇಟ್ಟರೆ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಒಳ್ಳೆಯ ಗೇಮ್ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು. ನಮ್ಮೂರಿಗೆ ಬಂದ ಸ್ಟಾಲ್‌ನವರಿಗೆ ಮಾತ್ರ ಬೇಕಾಗಿರಲಿಲ್ಲ.

ನಾನು ಶುರು ಮಾಡಿದ್ದೂ ಅಗ್ಗದ್ದರಲ್ಲೇ. 2014ರಲ್ಲಿ ಗೂಗಲ್‌ನವರು ಕಾರ್ಡ್‌ಬೋರ್ಡ್ ಅಂತ ಒಂದು ರಟ್ಟಿನ ಡಬ್ಬಿ ತಂದರು. ಅದರಲ್ಲಿ ಎರಡು ಮಸೂರ, ಮುಂದೆ ಫೋನ್ ಸಿಕ್ಕಿಸುವ ಜಾಗ, ಅಷ್ಟೇ. ಅಂಥದ್ದೇ ಒಂದನ್ನು ಮರುವರ್ಷ ತರಿಸಿದೆ. ತಲೆ ತಿರುಗಿಸಿದರೆ ದೃಶ್ಯವೂ ತಿರುಗುತ್ತಿತ್ತು. ಅದು ಚೆನ್ನಾಗಿತ್ತು. ಆದರೆ ಬಗ್ಗಿ ಹತ್ತಿರದಿಂದ ನೋಡೋಣ ಅಂತ ಮುಂದೆ ಬಾಗಿದರೆ ಇಡೀ ಲೋಕವೇ ನಮ್ಮ ಜೊತೆ ಬಾಗುತ್ತಿತ್ತು. ಯಾಕಂದ್ರೆ ಫೋನಿಗೆ ತಲೆ ತಿರುಗಿದ್ದು ಗೊತ್ತಾಗುತ್ತದೆ, ತಲೆ ಜಾಗ ಬದಲಿಸಿದ್ದು ಗೊತ್ತಾಗಲ್ಲ. ಹತ್ತು ನಿಮಿಷಕ್ಕೆ ಹಣೆಯಲ್ಲಿ ತಣ್ಣನೆ ಬೆವರು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಆ ಹುಡುಗನ ಹಾಗೇ ಮಾತಾಡುತ್ತಿದ್ದೆ.

2017ರ ಯುಗಾದಿಗೆ ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದ. ತಾನು ಬಳಸಿದ್ದ ಎಚ್‌ಟಿಸಿ ವೈವ್ ಅನ್ನೋ ವಿಆರ್ ಹೆಡ್‌ಸೆಟ್ ತಂದು ನನ್ನ ಕೈಗಿಟ್ಟ. ಆಗ ಅಲ್ಲಿ ಅದರ ಬೆಲೆ 799 ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ ಎರಡು ಹೊಸ ಹೊಲಿಗೆ ಮೆಷಿನ್ ಬರುತ್ತಿದ್ದವು. ಅವನ ಪ್ರೀತಿ ದೊಡ್ಡದು. ಕಂಪ್ಯೂಟರ್ ಬೇರೆ ಬೇಕಿತ್ತು. ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್ ಇದ್ದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

ವೈವ್‌ಗೆ ಕೋಣೆ ಬೇಕು. ಕಮ್ಮಿ ಅಂದರೂ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಖಾಲಿ ಜಾಗ. ಎದುರುಬದುರು ಮೂಲೆಯಲ್ಲಿ, ತಲೆಗಿಂತ ಮೇಲೆ ಎರಡು ಚಿಕ್ಕ ಡಬ್ಬಿ ಇಡಬೇಕು. ಅವು ಕಣ್ಣಿಗೆ ಕಾಣದ ಬೆಳಕಿನಿಂದ ಕೋಣೆಯನ್ನು ಗುಡಿಸುತ್ತಲೇ ಇರುತ್ತವೆ. ಆ ಬೆಳಕು ಹೆಡ್‌ಸೆಟ್‌ಗೂ ಕೈಯಲ್ಲಿರುವ ಕಂಟ್ರೋಲರ್‌ಗೂ ಯಾವ ಕ್ಷಣಕ್ಕೆ ತಾಗಿತು ಅಂತ ಲೆಕ್ಕ ಹಾಕಿ ನಮ್ಮ ತಲೆ ಎಲ್ಲಿದೆ, ಕೈ ಎಲ್ಲಿದೆ ಅಂತ ಕೂದಲೆಳೆಯಷ್ಟು ಸರಿಯಾಗಿ ತಿಳಿಯುತ್ತದೆ. ನಮ್ಮ ಬೀರುವಿನ ಕನ್ನಡಿ ಆ ಬೆಳಕನ್ನು ವಾಪಸ್ ಹೊಡೆದು ಎಲ್ಲಾ ಕೆಡಿಸುತ್ತಿತ್ತು. ಘಟಕದಿಂದ ಒಂದೂವರೆ ಮೀಟರ್ ಡೆನಿಮ್ ತಂದು ಕನ್ನಡಿಗೆ ಹೊದಿಸಿದೆ. ಫ್ಯಾನ್ ಆರಿಸಲೇಬೇಕು, ಕೈ ಮೇಲೆತ್ತಿದರೆ ತಾಗುತ್ತದೆ. ಏಪ್ರಿಲ್ ತಿಂಗಳು, ಬಳ್ಳಾರಿ. 40 ಡಿಗ್ರಿ ದಾಟಿತ್ತು. ಕೂಲರ್ ತಂದು ಕಿಟಕಿ ಕಡೆ ಇಟ್ಟೆ. ಅದರಿಂದ ಇನ್ನೊಂದು ಲಾಭ ಆಯಿತು. ಗಾಳಿ ಎಡಗೆನ್ನೆಗೆ ಬಡಿಯುತ್ತಿದೆ ಅಂದರೆ ನಾನು ಬಾಗಿಲ ಕಡೆ ಮುಖ ಮಾಡಿದ್ದೇನೆ ಅಂತ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತಿತ್ತು.

ಮೊದಲು ಆಡಿದ್ದು ವಾಲ್ವ್ ಕಂಪನಿಯವರ 'ದಿ ಲ್ಯಾಬ್'. 2016ರಲ್ಲಿ ವೈವ್ ಜೊತೆಗೇ ಬಂದಿದ್ದು, ಪುಕ್ಕಟೆ. ಅದರಲ್ಲಿ ಚಿಕ್ಕ ಚಿಕ್ಕ ಆಟಗಳಿವೆ. ಒಂದರಲ್ಲಿ ಬೆಟ್ಟದ ಮೇಲೆ ನಿಂತಿರುತ್ತೀರಿ. ಪಕ್ಕದಲ್ಲಿ ಒಂದು ರೋಬೋ ನಾಯಿಮರಿ. ಕಡ್ಡಿ ಎಸೆದರೆ ಓಡಿಹೋಗಿ ತರುತ್ತದೆ. ಅಷ್ಟೇ ಆಟ. ನಾನು ಮುಕ್ಕಾಲು ಗಂಟೆ ಕಡ್ಡಿ ಎಸೆದೆ.

ಇನ್ನೊಂದು ಬಿಲ್ಲಿನ ಆಟ. ಕೋಟೆ ಗೋಡೆ ಮೇಲೆ ನಿಲ್ಲಬೇಕು. ಕೆಳಗಡೆಯಿಂದ ಕಡ್ಡಿಯಂತಹ ಗೊಂಬೆ ಸೈನಿಕರು ಬಾಗಿಲು ಒಡೆಯಲು ಬರುತ್ತಾರೆ. ಎಡಗೈಯಲ್ಲಿ ಬಿಲ್ಲು. ಬಲಗೈಯಿಂದ ಬಾಣ ಹೂಡಿ ಹೆದೆ ಎಳೆಯಬೇಕು. ಎಳೆದಂತೆಲ್ಲಾ ಕಂಟ್ರೋಲರ್ ಟಿಕ್ ಟಿಕ್ ಅಂತ ಸಣ್ಣಗೆ ನಡುಗುತ್ತದೆ. ನಿಜವಾದ ಹೆದೆ ಇಲ್ಲ, ಬಿಗಿಯೂ ಇಲ್ಲ. ಆದರೂ ಆ ನಡುಕಕ್ಕೆ ಕೈ ಮೋಸ ಹೋಗಿ, ಬಿಗಿಯಾದದ್ದನ್ನು ಎಳೆಯುವ ಹಾಗೆಯೇ ಎಳೆಯುತ್ತದೆ. ಪಕ್ಕದಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಬಾಣದ ತುದಿ ಅದಕ್ಕೆ ಹಿಡಿದರೆ ಹೊತ್ತಿಕೊಳ್ಳುತ್ತದೆ. ಹಿಡಿದು ನೋಡಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಂಕಿ ಕಂಡಿತು, ಹಿಡಿದೆ, ಹತ್ತಿತು. ಆ ಖುಷಿಯನ್ನು ಹೇಗೆ ಹೇಳಲಿ! ಚಿಕ್ಕವನಿದ್ದಾಗ ಬಳ್ಳಾರಿ ಗುಡ್ಡದ ಕೋಟೆ ಹತ್ತಿ, ಗೋಡೆ ಅಂಚಿಗೆ ನಿಂತು ಕೆಳಗಿನ ಊರಿನ ಮೇಲೆ ಸುಳ್ಳು ಬಾಣ ಬಿಟ್ಟಿದ್ದೆ. ಮೂವತ್ನಾಲ್ಕನೇ ವಯಸ್ಸಿಗೆ ಆ ಬಾಣ ಹೋಗಿ ತಾಗಿತು.

'ಜಾಬ್ ಸಿಮ್ಯುಲೇಟರ್' ಬಗ್ಗೆ ಹೇಳದೇ ಇದ್ದರೆ ಈ ಬರಹವೇ ದಂಡ. ಅದೂ 2016ರದ್ದು. ಕೆಲಸ ಎಲ್ಲಾ ರೋಬೋಗಳ ಪಾಲಾಗಿರುವ ಕಾಲ. ಹಿಂದೆ ಮನುಷ್ಯರು ಹೇಗೆ ಕೆಲಸ ಮಾಡುತ್ತಿದ್ದರು ಅಂತ ರೋಬೋಗಳೇ ತೋರಿಸುತ್ತವೆ. ಅಡುಗೆಮನೆ, ಆಫೀಸು, ಅಂಗಡಿ, ಗ್ಯಾರೇಜು, ನಾಲ್ಕೇ ಕೆಲಸ.

ನಮ್ಮ ಕಟಿಂಗ್ ಮಾಸ್ಟರ್‌ಗೆ ಆಗ 58 ವಯಸ್ಸು. ಕೌಲ್ ಬಜಾರಿನವರು, ನಮ್ಮ ಅಪ್ಪನ ಕಾಲದಿಂದ ಇದ್ದವರು. ಹಾಸಿದ ಡೆನಿಮ್ ಮೇಲೆ ಅಂಗೈ ಸವರಿ, ಎಲ್ಲಿ ಸುಕ್ಕಿದೆ ಅಂತ ನೋಡದೇ ಹೇಳುವವರು. ಒಂದು ಭಾನುವಾರ ಲೆಕ್ಕದ ಪುಸ್ತಕ ಹಿಡಿದು ಮನೆಗೆ ಬಂದರು. "ಮಾಸ್ಟರ್, ಒಂದು ಸಲ ಹಾಕ್ಕೊಂಡು ನೋಡ್ರಿ" ಅಂದೆ. ಜೀವನದಲ್ಲಿ ವಿಡಿಯೋ ಗೇಮ್ ಮುಟ್ಟಿದವರಲ್ಲ. ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡು, ಹೆಡ್‌ಸೆಟ್‌ಗೆ ತಲೆ ಕೊಟ್ಟರು. ಅಡುಗೆಮನೆ ತೆರೆದೆ. ಕಂಟ್ರೋಲರ್ ಹಿಂದೆ ಇರುವ ಗುಂಡಿ ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ ಅಂತ ಮಾತ್ರ ಹೇಳಿದೆ.

ಒಂದು ನಿಮಿಷ ಸುಮ್ನೆ ನಿಂತರು. ಆಮೇಲೆ ಟೊಮ್ಯಾಟೊ ತೆಗೆದರು. ಬಲಗೈಯಿಂದ ಎಡಗೈಗೆ ದಾಟಿಸಿದರು. ಕಣ್ಣಿನ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆತ್ತಗೆ ವಾಪಸ್ ಇಟ್ಟರು. ಎಸೆಯಲಿಲ್ಲ ನೋಡಿ, ಇಟ್ಟರು. ಆಮೇಲೆ ಕಟ್ಟೆಯ ಕೆಳಗೆ ಏನಿದೆ ಅಂತ ನೋಡಲು ಬಗ್ಗಿದರು. ಬಗ್ಗುವಾಗ ಆಸರೆಗೆ ಅಂಗೈಯನ್ನು ಕಟ್ಟೆ ಮೇಲೆ ಊರಿದರು. ಕಟ್ಟೆ ಎಲ್ಲಿದೆ? ಮುಗ್ಗರಿಸಿದರು. ನಾನು ಪಕ್ಕದಲ್ಲೇ ಇದ್ದೆ, ರಟ್ಟೆ ಹಿಡಿದೆ. ಹೆಡ್‌ಸೆಟ್ ತೆಗೆದು ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಕಟ್ಟೆ ಇಲ್ಲ ಅಂತ ನಂಗೆ ಗೊತ್ತೈತೆ ತಮ್ಮಾ. ಕೈಗೆ ಗೊತ್ತಿಲ್ಲ ನೋಡಪ್ಪಾ."

ಆ ಆಟದಲ್ಲಿ ಒಂದು ವಿಶೇಷ ಇದೆ. ನೀವು ಟೊಮ್ಯಾಟೊ ಹಿಡಿದ ತಕ್ಷಣ ನಿಮ್ಮ ಕೈ ಮಾಯವಾಗುತ್ತದೆ. ಕೈ ಇದ್ದ ಜಾಗದಲ್ಲಿ ಬರೀ ಟೊಮ್ಯಾಟೊ ಇರುತ್ತದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ನಾನೂ ಎಷ್ಟೋ ದಿನ ಗಮನಿಸಿರಲಿಲ್ಲ. ಮಾಸ್ಟರ್‌ಗೆ ಹೇಳಿದೆ, ನಂಬಲಿಲ್ಲ, ಮತ್ತೆ ಹಾಕಿಕೊಂಡು ನೋಡಿದರು. ಹೌದಲ್ಲಾ ಅಂದರು. ಚಿತ್ರ ಎಷ್ಟು ನಿಜ ಇದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಎಲ್ಲಾ ಕಾರ್ಟೂನ್ ಥರದ ಚಿತ್ರ. ಹಿಡಿಯಬೇಕು ಅಂದುಕೊಂಡ ಕ್ಷಣಕ್ಕೆ ಹಿಡಿಯಿತು, ಬಿಡಬೇಕು ಅಂದುಕೊಂಡ ಕಡೆ ಬಿಟ್ಟಿತು. ಅಷ್ಟು ಸಾಕಾಯಿತು ಕೈಗೆ.

ಮಾಸ್ಟರ್ ಒಂದು ಕೊರತೆಯನ್ನೂ ಸರಿಯಾಗಿ ಹಿಡಿದರು. "ತೂಕ ಇಲ್ಲ ಇದ್ರಾಗ. ಟೊಮ್ಯಾಟೊನೂ ಒಂದೇ, ಬಾಣಲೆನೂ ಒಂದೇ." ನಿಜ. ಇವತ್ತಿನ ಮನೆಬಳಕೆ ಹೆಡ್‌ಸೆಟ್‌ಗಳಲ್ಲೂ ಅದು ಬಂದಿಲ್ಲ.

ಬೇರೆ ಕೊರತೆಗಳೂ ಇದ್ದವು, ಮುಚ್ಚಿಡುವುದಿಲ್ಲ. ಪರದೆಯಲ್ಲಿ ಎರಡೂ ಕಣ್ಣಿಗೆ ಸೇರಿ 2160×1200 ಚುಕ್ಕಿ, ಅಂದರೆ ಪಿಕ್ಸೆಲ್. ಕಣ್ಣಿಗೆ ಅಷ್ಟು ಹತ್ತಿರ ಇಟ್ಟಾಗ ಚುಕ್ಕಿಗಳ ನಡುವಿನ ಸಂದು ಕಾಣುತ್ತಿತ್ತು, ಸೊಳ್ಳೆ ಪರದೆ ಒಳಗಿಂದ ನೋಡಿದ ಹಾಗೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದರೆ ಸುತ್ತ ಬೆಳಕಿನ ಬಳೆ. ತಲೆಯಿಂದ ಕಂಪ್ಯೂಟರ್‌ವರೆಗೆ ದಪ್ಪ ವೈರು, ಎರಡು ಸುತ್ತು ತಿರುಗಿದರೆ ಕಾಲಿಗೆ ಹಾವಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಸೆಕೆಂಡಿಗೆ 90 ಚಿತ್ರ ಬರಬೇಕು, ಕಮ್ಮಿಯಾದರೆ ತಲೆ ತಿರುಗುತ್ತದೆ. ನಮ್ಮ ಬೇಸಿಗೆ ಮಧ್ಯಾಹ್ನಕ್ಕೆ ಕಾರ್ಡ್ ಕಾದು ನಿಧಾನವಾಗುತ್ತಿತ್ತು. ಅದಕ್ಕೇ ಬೆಳಗಿನ ಜಾವ ಐದಕ್ಕೆ ಎದ್ದು ಆಡುತ್ತಿದ್ದೆ. ಒಂದು ದಿನ ಆಟದ ನಡುವೆ ಕರೆಂಟ್ ಹೋಯಿತು. ಕೋಟೆ, ಬಿಲ್ಲು, ಬೆಂಕಿ ಎಲ್ಲಾ ಒಂದೇ ಏಟಿಗೆ ಕಪ್ಪು. ಕೂಲರ್ ಸದ್ದು ನಿಂತು ಹೊರಗಡೆ ಹಾಲಿನವನ ಸೈಕಲ್ ಬೆಲ್ ಕೇಳಿಸಿತು. ಆ ಕ್ಷಣ ನಾನು ಎಲ್ಲಿದ್ದೇನೆ ಅಂತ ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು.

ಆ ವರ್ಷ ಆಡಿದ ಇನ್ನೊಂದು 'ಸೂಪರ್‌ಹಾಟ್ ವಿಆರ್'. ನೀವು ಅಲುಗಾಡಿದರೆ ಕಾಲ ಓಡುತ್ತದೆ, ನಿಂತರೆ ಅದೂ ನಿಲ್ಲುತ್ತದೆ. ಗುಂಡು ಮೂಗಿನ ಮುಂದೆ ತೇಲುತ್ತಾ ನಿಂತಿರುತ್ತದೆ. ಮೆಲ್ಲಗೆ ಸೊಂಟ ಬಾಗಿಸಿ ಪಕ್ಕಕ್ಕೆ ಸರಿಯಬೇಕು. ಅದನ್ನು ಆಡಿದ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿದಿದ್ದೇನೆ.

ಈಗ ನನ್ನ ಮಾತಿಗೆ ಬರುತ್ತೇನೆ. ಈ ಗೇಮ್‌ಗಳು ಬಂದಾಗ ಬಹಳ ಜನ ಮೂಗು ಮುರಿದರು. ಇವು ಗೇಮ್ ಅಲ್ಲ, ಸುಮ್ನೆ ಡೆಮೊ. ಎರಡು ಗಂಟೆಗೆ ಮುಗಿಯುತ್ತದೆ. ಕಥೆ ಇಲ್ಲ. ನಾನು ಒಪ್ಪುವುದಿಲ್ಲ. ಚಿಕ್ಕದಾಗಿದ್ದದ್ದೇ ಸರಿ ಇತ್ತು. ಯಾಕಂದ್ರೆ ಅವರು ನಮ್ಮ ಕೋಣೆಯಷ್ಟೇ ಜಾಗ ತಗೊಂಡು, ಆ ಜಾಗದಲ್ಲಿ ನಮ್ಮ ಎರಡು ಕೈಗೆ ಏನೆಲ್ಲಾ ಮಾಡಬಹುದು ಅಂತ ಮಾತ್ರ ಯೋಚಿಸಿದರು. ಆಮೇಲೆ ಬಂದ ಎಷ್ಟೋ ಗೇಮ್‌ಗಳು ಟಿವಿ ಮುಂದೆ ಆಡುವ ಆಟವನ್ನೇ ತಂದು ಕಣ್ಣಿಗೆ ಕಟ್ಟಿದವು. ಹೆಬ್ಬೆರಳಿನಿಂದ ಕಂಟ್ರೋಲರ್‌ನ ಕಡ್ಡಿ ತಳ್ಳಿ ಓಡು, ಗಾಳಿಯಲ್ಲಿ ತೇಲುವ ಪಟ್ಟಿಯಲ್ಲಿ ಆಯ್ಕೆ ಮಾಡು, ಮತ್ತೆ ಓಡು. ಕೈ ಇದ್ದೂ ಇಲ್ಲದ ಹಾಗೆ. ಹೊಟ್ಟೆ ಮತ್ತೆ ತೊಳಸಲು ಶುರು. ಎಲ್ಲವೂ ಹಾಗೆ ಅಂತ ಅಲ್ಲ. 2018ರ 'ಬೀಟ್ ಸೇಬರ್' ಆ ಹಳೇ ದಾರಿಯಲ್ಲೇ ಬಂತು. ನಿಂತಲ್ಲೇ ನಿಂತು ಹಾಡಿನ ತಾಳಕ್ಕೆ ಡಬ್ಬಿ ಕಡಿಯೋದು, ಅಷ್ಟೇ. 2020ರ 'ಹಾಫ್-ಲೈಫ್: ಅಲಿಕ್ಸ್' ಉದ್ದದ ಕಥೆ ಇದ್ದರೂ ಕೈಯನ್ನು ಮರೆಯಲಿಲ್ಲ. ಕಪಾಟಿನ ಬಾಗಿಲು ತೆಗೆದು, ಡಬ್ಬಿ ಸರಿಸಿ, ಹಿಂದೆ ಬಿದ್ದದ್ದನ್ನು ಹುಡುಕುವುದೇ ಅಲ್ಲಿ ಅರ್ಧ ಸುಖ.

ಇದರ ಹಿಂದೆಯೂ ವಿಆರ್ ಬಂದು ಬಿದ್ದುಹೋಗಿದೆ. 1995ರಲ್ಲಿ ನಿಂಟೆಂಡೊದವರ ವರ್ಚುಯಲ್ ಬಾಯ್ ಬಂತು. ಬರೀ ಕೆಂಪು ಕಪ್ಪು ಚಿತ್ರ, ಮೇಜಿನ ಮೇಲೆ ಇಟ್ಟು ಇಣುಕಿ ನೋಡಬೇಕಿತ್ತು. ಮರುವರ್ಷಕ್ಕೇ ನಿಲ್ಲಿಸಿದರು. ಆಗಲೂ ಜನ ಅದನ್ನೇ ವಿಆರ್ ಅಂದುಕೊಂಡು ವರ್ಷಗಟ್ಟಲೆ ತಿರುಗಿ ನೋಡಲಿಲ್ಲ. ಈಗ ನಮ್ಮ ಕಡೆ ರೋಲರ್ ಕೋಸ್ಟರ್‌ನಿಂದ ಅದೇ ಆಗುತ್ತಿದೆ. ನನ್ನ ಸಂಕಟ ಅದು.

ನಿಮ್ಮ ಹತ್ತಿರ ಅಥವಾ ಗೆಳೆಯರ ಹತ್ತಿರ ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ ಇದ್ದರೆ ದಯವಿಟ್ಟು ಮೊದಲ ದಿನ ಓಡುವ ಆಟ, ಹಾರುವ ಆಟ ಹಾಕಿ ಕೊಡಬೇಡಿ. 'ಜಾಬ್ ಸಿಮ್ಯುಲೇಟರ್' ಕೊಡಿ, 'ಬೀಟ್ ಸೇಬರ್' ಕೊಡಿ. ಹದಿನೈದು ನಿಮಿಷ ಸಾಕು. ಹಣೆ ತಣ್ಣಗಾಗಿ ಬೆವರು ಬಂದರೆ ತಕ್ಷಣ ತೆಗೆಯಿರಿ, ಇನ್ನೊಂದು ಲೆವೆಲ್ ಅಂತ ಹಟ ಬೇಡ. ಹಣೆಗೆ ತಾಗುವ ಸ್ಪಂಜನ್ನು ಒಬ್ಬರಾದ ಮೇಲೆ ಒಬ್ಬರಿಗೆ ಒರೆಸಿ ಕೊಡಿ. ಇದು ಚಿಕ್ಕ ವಿಷಯ ಅಲ್ಲ.

ಮೊನ್ನೆ ಭಾನುವಾರ ಆ ಹುಡುಗನನ್ನು ಮನೆಗೆ ಕರೆದೆ. ಬರಲ್ಲ ಅಂದ. ಮಾಸ್ಟರ್ ಈಗ ಮನೆಯಲ್ಲೇ ಇರುತ್ತಾರೆ, ಅವರ ಕೈಲಿ ಫೋನ್ ಮಾಡಿಸಿದೆ, ಬಂದ. ಹಳೇ ವೈವ್ ಇನ್ನೂ ಕೆಲಸ ಮಾಡುತ್ತದೆ. ಡೆನಿಮ್ ಬಟ್ಟೆಯೂ ಬೀರುವಿನ ಮೇಲೇ ಇತ್ತು. ಬಿಲ್ಲಿನ ಆಟ ಹಾಕಿಕೊಟ್ಟೆ. ಮೊದಲು ಎರಡೂ ಕಾಲು ಜೋಡಿಸಿ, ಬೀಳುವವನ ಹಾಗೆ ಗಟ್ಟಿಯಾಗಿ ನಿಂತಿದ್ದ. ನಾಲ್ಕನೇ ಬಾಣಕ್ಕೆ ಎಡಗಾಲು ಮುಂದೆ ಬಂತು. ಹತ್ತನೇ ಬಾಣಕ್ಕೆ ತಾನಾಗಿಯೇ ಬೆಂಕಿಗೆ ಹಿಡಿದು ಹಚ್ಚಿದ. ಇಪ್ಪತ್ತು ನಿಮಿಷ ಆದ ಮೇಲೆ ನಾನೇ ಬಲವಂತವಾಗಿ ತೆಗೆಸಿದೆ.

"ವಾಂತಿ ಬರ್ತಾ ಇದೆಯಾ?" ಅಂತ ಕೇಳಿದೆ.

"ಇಲ್ಲಣ್ಣಾ" ಅಂದ. "ಬಲ ಭುಜ ನೋಯ್ತೈತೆ."