ಬಯಲಾಟ ಸಭಾಂಗಣಕ್ಕೆ ಬಂದರೆ: ಸಂಚಾರಿ ಜನಪದ ರಂಗೋತ್ಸವ ಬೆಂಗಳೂರಿಗೆ ಬೇಕೆ?

ದೇಶದ ನಾನಾ ಭಾಗಗಳ ಸಾಂಪ್ರದಾಯಿಕ ರಂಗಪ್ರಕಾರಗಳನ್ನು ಒಟ್ಟುಗೂಡಿಸಿ ಊರಿಂದೂರಿಗೆ ಒಯ್ಯುವ ಉತ್ಸವವೊಂದು ಬೆಂಗಳೂರಿಗೆ ಬಂದಾಗ, ಪ್ರತಿಯೊಂದು ಪ್ರಕಾರಕ್ಕೂ ಸಿಗುವುದು ಸಾಮಾನ್ಯವಾಗಿ ಒಂದು ಸಂಜೆ, ಒಂದೂವರೆ ಗಂಟೆ ಮತ್ತು ರವೀಂದ್ರ ಕಲಾಕ್ಷೇತ್ರದಂಥ ಒಂದು ವೇದಿಕೆ. ಇದರಿಂದ ಆ ಕಲೆಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ. ಎರಡನ್ನೂ ಬರೆದವನು ಒಬ್ಬನೇ ಆದುದರಿಂದ ಅವನ ಒಲವು ಎತ್ತ ಎಂಬುದು ಮರೆಯಾಗಿ ಉಳಿಯಲಾರದು.

ಪರ

ತಿರುಗಾಟವೆಂಬುದು ಈ ಕಲೆಗಳಿಗೆ ಹೊರಗಿನವರು ಹೇರಿದ್ದಲ್ಲ. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ಬಳಿಕ ಹೊರಟು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ರಾತ್ರಿಗೊಂದು ಊರಿನಂತೆ ಸಂಚರಿಸುತ್ತವೆ; ಮಹಾರಾಷ್ಟ್ರದ ತಮಾಶಾ, ಬಂಗಾಳದ ಜಾತ್ರಾ, ಗುಜರಾತಿನ ಭವಾಯಿಗಳು ಬದುಕಿದ್ದೂ ಹೀಗೆಯೇ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ತಿರುಗಾಟವನ್ನು ಆರಂಭಿಸಿ ಆಧುನಿಕ ನಾಟಕವನ್ನು ಊರೂರಿಗೆ ಒಯ್ದದ್ದೂ ಈ ದಾರಿಯಲ್ಲಿಯೇ.

ಇಂಥ ಉತ್ಸವದ ನಿಜವಾದ ಕೊಡುಗೆ ಹೋಲಿಕೆಗೆ ಸಿಗುವ ಅವಕಾಶ. ಯಕ್ಷಗಾನದಲ್ಲಿ ಪಾತ್ರದ ಪ್ರವೇಶಕ್ಕೆ ಇಬ್ಬರು ಹಿಡಿದು ನಿಲ್ಲುವ ತೆರೆ ಕಥಕ್ಕಳಿಯಲ್ಲೂ ತಮಿಳುನಾಡಿನ ತೆರುಕ್ಕೂತ್ತಿನಲ್ಲೂ ಇದೆ. ಉತ್ತರ ಕರ್ನಾಟಕದ ದೊಡ್ಡಾಟದ ಸಾರಥಿ, ತೆರುಕ್ಕೂತ್ತಿನ ಕಟ್ಟಿಯಕ್ಕಾರನ್, ಭವಾಯಿಯ ರಂಗಲೋ, ತಮಾಶಾದ ಸೋಂಗಾಡ್ಯಾ, ಇವರೆಲ್ಲರೂ ರಾಜನನ್ನು ಮಾತನಾಡಿಸುತ್ತಲೇ ಊರಿನ ವರ್ತಮಾನವನ್ನು ನಡುವೆ ತೂರಿಸುವ ಒಂದೇ ಮನೆತನದ ಮಾತುಗಾರರು. ಓದಿದಾಗ ಬರೀ ಹೆಸರುಗಳಾಗಿ ಉಳಿಯುವ ಈ ನಂಟು ಒಂದೇ ವಾರದಲ್ಲಿ ನಾಲ್ಕಾರು ಆಟಗಳನ್ನು ನೋಡಿದವನಿಗೆ ಕಣ್ಣಿಗೆ ಕಟ್ಟುತ್ತದೆ. ಹಾಡಿ ಕಥೆ ನಡೆಸುವ ಭಾಗವತನನ್ನೂ ಅರೆತೆರೆಯನ್ನೂ ಗಿರೀಶ ಕಾರ್ನಾಡರ ‘ಹಯವದನ’ ನಾಟಕದ ಮೂಲಕವಷ್ಟೇ ಬಲ್ಲ ನಗರದ ರಂಗವಿದ್ಯಾರ್ಥಿಗೆ ಅವುಗಳ ಮೂಲವನ್ನು ನೋಡುವ ಹಕ್ಕು ಇದ್ದೇ ಇದೆ.

ಕಾಲವನ್ನು ಕತ್ತರಿಸುತ್ತಾರೆ ಎಂಬ ದೂರಿಗೂ ಈಗ ಮೊದಲಿನ ಬಲವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಇಡೀ ರಾತ್ರಿಯ ಆಟಕ್ಕೆ ಹೆಸರಾದ ಕಟೀಲು ಯಕ್ಷಗಾನ ಮೇಳಗಳೇ 2022ರಲ್ಲಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟಕ್ಕೆ ಹೊರಳಿದವು. ಊರಿನಲ್ಲಿಯೇ ಬದಲಾದದ್ದನ್ನು ನಗರದ ತಪ್ಪೆನ್ನುವುದು ನ್ಯಾಯವಲ್ಲ.

ವಿರೋಧ

ಕಾಲಮಿತಿ ಹಲವೆಡೆ ಬಂದಿರುವುದು ನಿಜ. ಆದರೆ ಸಂಜೆ ಶುರುವಾಗಿ ಗಂಟೆಗಟ್ಟಲೆ ನಡೆಯುವ ಕಾಲಮಿತಿಯ ಪ್ರಸಂಗ ಬೇರೆ, ದೀಪ ಬೆಳಗಿ, ಸನ್ಮಾನ ಮುಗಿಸಿ, ಭಾಷಣಗಳ ನಂತರ ಉಳಿದ ಸಮಯದಲ್ಲಿ ತೋರಿಸುವ ತುಣುಕು ಬೇರೆ. ಹರಕೆಯ ಆಟವನ್ನು ಒಂದು ಮನೆಯವರು ಹೇಳಿಕೊಂಡು, ಖರ್ಚು ಹೊತ್ತು, ಊರಿಗೆಲ್ಲ ಉಚಿತವಾಗಿ ಆಡಿಸುತ್ತಾರೆ; ಅಲ್ಲಿನ ಪ್ರೇಕ್ಷಕನಿಗೆ ಪ್ರಸಂಗವೂ ಗೊತ್ತು, ಕಳೆದ ವರ್ಷ ಅದೇ ಪಾತ್ರ ಮಾಡಿದವನೂ ಗೊತ್ತು, ಆದ್ದರಿಂದ ಅವನು ಕಲಾವಿದನನ್ನು ಅಳೆಯಬಲ್ಲ. ಹಾಗೆ ಅಳೆಯುವವರಿಲ್ಲದ ಸಭಾಂಗಣದಲ್ಲಿ ಎಲ್ಲಕ್ಕೂ ಒಂದೇ ತೂಕದ ಚಪ್ಪಾಳೆ.

ಇದಕ್ಕಿಂತ ದೊಡ್ಡ ನಷ್ಟ ಮಾತಿನದು. ತೆಂಕುತಿಟ್ಟಿನ ಶೈಲಿಯಾಗಲಿ ಬಡಗುತಿಟ್ಟಿನದಾಗಲಿ, ಭಾಗವತರು ಪದ್ಯ ಹೇಳಿದ ಮೇಲೆ ವೇಷಧಾರಿ ಸ್ಥಳದಲ್ಲಿಯೇ ಕಟ್ಟುವ ಅರ್ಥಗಾರಿಕೆ ಯಕ್ಷಗಾನದ ಅರ್ಧ ಜೀವ. ಭವಾಯಿಯಲ್ಲಿ ‘ವೇಷ’ವೆಂದು ಕರೆಯುವ ಕಿರುನಾಟಕಗಳ ಕುಹಕವೂ, ಉತ್ತರ ಭಾರತದ ನೌಟಂಕಿಯ ಸವಾಲ್-ಜವಾಬುಗಳೂ ಮಾತನ್ನೇ ನಂಬಿಕೊಂಡಿವೆ. ಭಾಷೆ ತಿಳಿಯದ ಸಭೆಯ ಮುಂದೆ ನಿಂತ ತಂಡ ಏನು ಮಾಡೀತು? ಮಾತನ್ನು ಕೈಬಿಟ್ಟು ಯುದ್ಧ, ಸುತ್ತಿ ಜಿಗಿಯುವ ಧೀಂಗಿಣ, ಬಣ್ಣದ ವೇಷಗಳನ್ನು ಮುಂದಿಡುತ್ತದೆ. ಊರೂರಲ್ಲಿ ಹೀಗೆಯೇ ಆಡುತ್ತ ಹೋದರೆ ರಂಗಭೂಮಿಯಾಗಿದ್ದದ್ದು ಬರಿಯ ಕುಣಿತವಾಗಿ ನೆಲೆಗೊಳ್ಳುತ್ತದೆ. ಪರವಾದಿ ಮೆಚ್ಚಿಕೊಂಡ ಆ ಮಾತುಗಾರರೇ ಕತ್ತರಿಗೆ ಮೊದಲು ಸಿಗುವವರು ಎಂಬುದನ್ನು ಅವನು ಗಮನಿಸಿದಂತಿಲ್ಲ.

ಕೆಲವು ಪ್ರಕಾರಗಳಂತೂ ಹೊರಡುವಂಥವೇ ಅಲ್ಲ. ಕಾಶಿಯ ಎದುರು ದಂಡೆಯ ರಾಮನಗರದ ರಾಮಲೀಲೆಯಲ್ಲಿ ಒಂದು ತಿಂಗಳ ಕಾಲ ಅಯೋಧ್ಯೆ, ಲಂಕೆಗಳು ಊರಿನ ಬೇರೆ ಬೇರೆ ಜಾಗಗಳಲ್ಲಿ ನೆಲೆಸುತ್ತವೆ. ಪ್ರೇಕ್ಷಕರು ರಾಮನ ಹಿಂದೆ ನಡೆಯುತ್ತಾರೆ. ಯುನೆಸ್ಕೊ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿದ ಕೇರಳದ ಮುಡಿಯೇಟ್ಟು ಭದ್ರಕಾಳಿಯ ಗುಡಿಯಲ್ಲಿ ಬಣ್ಣದ ಪುಡಿಗಳಿಂದ ನೆಲದ ಮೇಲೆ ದೇವಿಯ ಚಿತ್ರವಾದ ಕಳಂ ಬರೆಯುವುದರಿಂದ ಮೊದಲಾಗುತ್ತದೆ, ಅಸುರ ದಾರಿಕನನ್ನು ಅಟ್ಟುವ ಕಾಳಿ ಜನರ ನಡುವೆಯೇ ನುಗ್ಗುತ್ತಾಳೆ. ಸ್ಥಿರಾಸನಗಳ ಸಾಲಿನ ಎದುರು ಅದನ್ನು ಆಡಿಸುವುದಕ್ಕಿಂತ ಆಡಿಸದಿರುವುದೇ ಮೇಲು.

ತೆರುಕ್ಕೂತ್ತಿನ ವಿಷಯ ಬೆಂಗಳೂರಿಗೆ ಇನ್ನೂ ಹತ್ತಿರದ್ದು. ದ್ರೌಪದಿ ಅಮ್ಮನ ಉತ್ಸವಗಳಲ್ಲಿ ಅದು ಮಹಾಭಾರತವನ್ನು ರಾತ್ರಿಯಿಂದ ರಾತ್ರಿಗೆ ಆಡುತ್ತದೆ. ಅದೇ ದ್ರೌಪದಿಯ ಕರಗ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯಂದು ಹೊರಡುತ್ತದೆ. ಆ ಗುಡಿಗೂ ಕಲಾಕ್ಷೇತ್ರಕ್ಕೂ ನಡುವೆ ನಡೆದು ಹೋಗಬಹುದಾದಷ್ಟೇ ದೂರ. ಕರಗಕ್ಕೆ ಬೆಳಗಿನವರೆಗೆ ಎಚ್ಚರವಿರುವ ನಗರವೇ, ಕೂತ್ತು ಬಂದಾಗ ಮಾತ್ರ, ಒಂಬತ್ತಕ್ಕೆ ಬಾಗಿಲು ಮುಚ್ಚುವ ಸಭಾಂಗಣವನ್ನು ಅದಕ್ಕೆ ತೋರಿಸುತ್ತದೆ.

ಉತ್ಸವವನ್ನು ಮಾಡಲೇಬೇಕೆಂದಿದ್ದರೆ ಕಲಾಕ್ಷೇತ್ರದ ಆವರಣದಲ್ಲಿಯೇ ಸಂಸ ಬಯಲು ರಂಗಮಂದಿರವಿದೆ. ಶಬ್ದಮಾಲಿನ್ಯ ನಿಯಮಗಳೂ ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿವೆ. ಏಳೆಂಟು ಪ್ರಕಾರಗಳ ಬದಲು ಎರಡನ್ನೇ ಕರೆಸಿ, ಪೂರ್ಣ ಪ್ರಸಂಗಗಳನ್ನು ಆಡಿಸಲಿ. ಆಹ್ವಾನ ಪತ್ರಿಕೆ ಅಧಿಕಾರಿಗಳಿಗಿಂತ ಮೊದಲು, ಆ ಮಾತು ತಿಳಿಯುವ ಬೆಂಗಳೂರಿಗರಿಗೆ ಹೋಗಲಿ: ಕೂತ್ತಿಗೆ ಹಲಸೂರಿನ ತಮಿಳರಿಗೆ, ಭವಾಯಿಗೆ ಇಲ್ಲಿನ ಗುಜರಾತಿಗಳಿಗೆ.