ಎತ್ತಿನ ಮೇಲ್ಹಲ್ಲಿನ ಮೆಸೇಜ್: ಸ್ಪಷ್ಟನೆ

ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋರಿ ಕೊಳ್ಳಲು ಹೊರಟವರ ನಡುವೆ ಒಂದು ಮೆಸೇಜ್ ಓಡಾಡ್ತಿದೆ: ‘ಮೇಲಿನ ಮುಂಹಲ್ಲು ಇಲ್ಲದ ಎತ್ತು ಮುದಿ, ತಗೋಬೇಡಿ.’ ಇದು ತಪ್ಪು. ಯೋಚಿಸದೆ ನಾನೂ ಇಬ್ಬರಿಗೆ ಕಳಿಸಿದ್ದೆ.

ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲು ಹುಟ್ಟುವುದೇ ಇಲ್ಲ. ಅಲ್ಲಿರುವುದು ಗಟ್ಟಿ ವಸಡು. ನಾಲಿಗೆಯಿಂದ ಮೇವು ಸುತ್ತಿ ಎಳೆದು, ಕೆಳಹಲ್ಲನ್ನು ಆ ವಸಡಿಗೆ ಒತ್ತಿ ಹರಿಯುತ್ತವೆ. ಎಳೆಗರುವಿನ ಬಾಯಿ ತೆರೆದರೂ ಅಷ್ಟೇ.

ವಯಸ್ಸು ಹೇಳುವುದು ಕೆಳಗಿನ 8 ಮುಂಹಲ್ಲು. ಸುಮಾರು 2 ವರ್ಷಕ್ಕೆ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಅಗಲವಾದವು ಬರುತ್ತವೆ. ಅದೇ ನಮ್ಮವರ ‘ಎರಡು ಹಲ್ಲಿನ ಹೋರಿ’. ಆಮೇಲೆ ನಾಲ್ಕು, ಆರು. 4–5 ವರ್ಷಕ್ಕೆ ಎಂಟೂ ಬಂದು ಬಾಯಿಗೂಡುತ್ತದೆ. ನಂತರ ಸವೆತ ನೋಡಿ ಅಂದಾಜಷ್ಟೇ. ಸಂತೆಯ ಹಿರಿಯರು ಕೆಳತುಟಿ ಇಳಿಸಿ ನೋಡುವುದು ಇದಕ್ಕೇ.

ಆ ಮೆಸೇಜ್ ಅಳಿಸಿ, ಮುಂದೆ ಕಳಿಸಬೇಡಿ.