ಕ್ರಿಸ್ಪರ್‌ಗೆ ಮೊದಲು ಇನ್ಸುಲಿನ್ ಇರಲಿ

ಶಾಲೆಯಲ್ಲಿ ಜೆನೆಟಿಕ್ ಎಂಜಿನಿಯರಿಂಗ್ ಪಾಠವನ್ನು ನೇರ ಕ್ರಿಸ್ಪರ್‌ನಿಂದಲೇ, ಅಂದರೆ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದುವ ಹೊಸ ವಿಧಾನದಿಂದಲೇ, ಶುರು ಮಾಡಿ ಎಂದು ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮೊದಲು ಇನ್ಸುಲಿನ್ ಕಥೆ ಹೇಳಿ. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಇನ್ಸುಲಿನ್ ಜೀನ್ ಸೇರಿಸಿ, ಅದರಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಆಮೇಲೆ, ಒಂದು ಜೀವಿಯ ಡಿಎನ್‌ಎಯನ್ನು ಇನ್ನೊಂದಕ್ಕೆ ಹೇಗೆ ಜೋಡಿಸುತ್ತಾರೆ ಎಂದು ತೋರಿಸಲು, ಮಕ್ಕಳ ಕೈಗೆ ಕಾಗದ, ಕತ್ತರಿ ಕೊಡಿ. ವಿಡಿಯೊ ಹಾಕಿದರೆ ಸುಮ್ನೆ ನೋಡುತ್ತಾ ಕೂರುತ್ತಾರೆ ಅಷ್ಟೆ. ಕಾಗದದ ಪಟ್ಟಿಯ ಮೇಲೆ ಡಿಎನ್‌ಎಯ ಒಂದು ಎಳೆಯಾಗಿ ಜಿಎಎಟಿಟಿಸಿ ಎಂದು ಬರೆದು, ಕೆಳಗೆ ಎರಡನೇ ಎಳೆಯಾಗಿ ಜೋಡಿ ಅಕ್ಷರಗಳನ್ನೂ (ಎಗೆ ಟಿ, ಜಿಗೆ ಸಿ) ಬರೆಯಲಿ. ಡಿಎನ್‌ಎ ಕತ್ತರಿಸುವ ಇಕೋಆರ್‌ಐ ಎಂಬ ಕಿಣ್ವ ಎರಡೂ ಎಳೆಗಳನ್ನು ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಪ್ರತಿ ತುದಿಯಲ್ಲಿ ನಾಲ್ಕು ಅಕ್ಷರ ಜೋಡಿಯಿಲ್ಲದೆ ಉಳಿಯುತ್ತವೆ. ಅದೇ ಕಿಣ್ವ ಕತ್ತರಿಸಿದ ಬೇರೆ ಜೀವಿಯ ಡಿಎನ್‌ಎ ಅಲ್ಲಿ ಸರಿಯಾಗಿ ಕೂರುತ್ತದೆ, ಲೈಗೇಸ್ ಎಂಬ ಇನ್ನೊಂದು ಕಿಣ್ವ ಅಂಟಿಸುತ್ತದೆ. ಇಷ್ಟು ಕೈಯಾರೆ ಮಾಡಿದ ಮೇಲೆ ಪ್ಲಾಸ್ಮಿಡ್ (ಜೀನ್ ಸಾಗಿಸಲು ಬಳಸುವ, ಬ್ಯಾಕ್ಟೀರಿಯಾದ ಚಿಕ್ಕ ಡಿಎನ್‌ಎ ಉಂಗುರ) ಜಾಸ್ತಿ ಕಷ್ಟ ಅನಿಸಲ್ಲ, ಅಲ್ವಾ?